ಬ್ಲ್ಯಾಕ್‌ಬೆರಿ ಕೀ2: ಹೆಬ್ಬೆರಳುಗಳಿಗೆ ಮರ್ಯಾದೆ ಕೊಟ್ಟ ಫೋನು

ಸಂದೇಶ ಬರೆಯುವುದಕ್ಕೆಂದೇ ಮಾಡಿದ ಫೋನನ್ನು ಮೊದಲು ಅದರ ಕೀಲಿಗಳಿಂದ ಅಳೆಯಬೇಕು. ಉಳಿದದ್ದೆಲ್ಲ ಆಮೇಲಿನ ಮಾತು. ಹಾಗೆ ಅಳೆದರೆ, 2018ರ ಜೂನ್ 7ರಂದು ನ್ಯೂಯಾರ್ಕಿನಲ್ಲಿ ಅನಾವರಣಗೊಂಡು ಜುಲೈ ಕೊನೆಯಲ್ಲಿ ನಮ್ಮ ಮಾರುಕಟ್ಟೆಗೂ ಬಂದ ಬ್ಲ್ಯಾಕ್‌ಬೆರಿ ಕೀ2, ನನ್ನ ಮಟ್ಟಿಗೆ, 2011ರ ಬೋಲ್ಡ್ 9900ರ ನಂತರ ಈ ಹೆಸರು ಹೊತ್ತು ಬಂದ ಫೋನುಗಳಲ್ಲೆಲ್ಲ ಬರೆಯಲು ಅತ್ಯಂತ ಯೋಗ್ಯವಾದದ್ದು. ಈ ಮಾತಿಗೆ ಎರಡು ಷರತ್ತುಗಳಿವೆ. ಒಂದು ಫೋನಿನ ಎತ್ತರಕ್ಕೂ ಭಾರದ ಹಂಚಿಕೆಗೂ ಸಂಬಂಧಿಸಿದ್ದು. ಇನ್ನೊಂದು ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ತಟ್ಟುವಂಥದ್ದು. ಇಂಗ್ಲಿಷಿನ ವಿಮರ್ಶೆಗಳಲ್ಲಿ ಅದನ್ನು ಯಾರೂ ಎತ್ತಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ, ಅದಕ್ಕೆ ಇಲ್ಲಿ ಸ್ವಲ್ಪ ಹೆಚ್ಚೇ ಜಾಗ ಕೊಡುತ್ತೇನೆ.

ಇದು ಯಂತ್ರಾಂಶದ ವಿಮರ್ಶೆ. ಒಳಗಿರುವ ಆಂಡ್ರಾಯ್ಡ್ 8.1 ತಂತ್ರಾಂಶದ ಬಗ್ಗೆ, ಕೀಲಿಗಳ ಬಳಕೆಗೆ ನೇರವಾಗಿ ಸಂಬಂಧಿಸಿದ್ದನ್ನು ಬಿಟ್ಟು, ಹೆಚ್ಚೇನನ್ನೂ ಹೇಳುವುದಿಲ್ಲ. ನಾನು ಈ ಫೋನುಗಳ ಹಳೆಯ ಅಭಿಮಾನಿ ಎಂಬುದನ್ನೂ ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು. ಬೋಲ್ಡ್ 9000ದಿಂದ ಹಿಡಿದು ಈ ಸಾಲಿನ ಫೋನುಗಳನ್ನೇ ಬಳಸುತ್ತ ಬಂದಿದ್ದೇನೆ. ದಿನವಿಡೀ ಇ-ಮೇಲ್ ಪತ್ರಗಳಿಗೆ ಉತ್ತರ ಬರೆಯುವ ಕೆಲಸ ನನ್ನದು. ಗಾಜಿನ ಮೇಲೆ ಬೆರಳಾಡಿಸಿ ಬರೆಯುವುದು ನನ್ನ ಕೈಗೆ ಈವರೆಗೂ ಒಗ್ಗಿಲ್ಲ.

ಈ ಫೋನಿನ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಬ್ಲ್ಯಾಕ್‌ಬೆರಿಯನ್ನು ಹುಟ್ಟುಹಾಕಿದ, ಕೆನಡಾದ ವಾಟರ್ಲೂ ಊರಿನ ರಿಸರ್ಚ್ ಇನ್ ಮೋಷನ್ ಕಂಪನಿ 1999ರಲ್ಲಿ ತಂದ 850 ಎಂಬ ಪೇಜರ್ ಒಂದೇ ಒಂದು ಪೆನ್ಸಿಲ್ ಸೆಲ್ಲಿನ ಮೇಲೆ ಓಡುತ್ತಿತ್ತು. ಎರಡು ಹೆಬ್ಬೆರಳುಗಳಿಂದ ಬರೆಯಲು ಹೊಂದುವ ಪುಟ್ಟ ಕೀಲಿಮಣೆ ಆಗಲೇ ಅದರ ಮೇಲಿತ್ತು. ಭಾರತಕ್ಕೆ ಬ್ಲ್ಯಾಕ್‌ಬೆರಿಯ ಇ-ಮೇಲ್ ಸೇವೆ 2004ರಲ್ಲಿ ಏರ್‌ಟೆಲ್ ಮೂಲಕ ಬಂತು. ಆಮೇಲೆ ಕರ್ವ್ 8520 ಎಂಬ ಫೋನು ಕಾಲೇಜು ಹುಡುಗ ಹುಡುಗಿಯರ ಕೈಗೂ ಬಂದದ್ದು, 2010ರಲ್ಲಿ ಸಂದೇಶಗಳ ಗೂಢಲಿಪಿಯ ವಿಷಯಕ್ಕೆ ಕೇಂದ್ರ ಸರ್ಕಾರ ಗಡುವು ಕೊಟ್ಟು ಕೂತದ್ದು, ಇವೆಲ್ಲ ಹಲವರಿಗೆ ನೆನಪಿರಬಹುದು. 2016ರ ಸೆಪ್ಟೆಂಬರಿನಲ್ಲಿ ಕಂಪನಿ ತಾನೇ ಫೋನು ತಯಾರಿಸುವುದನ್ನು ಕೈಬಿಟ್ಟಿತು. ಹೆಸರನ್ನು ಬಳಸುವ ಹಕ್ಕು ಚೀನಾದ ಟಿಸಿಎಲ್ ಕಂಪನಿಗೆ ಹೋಯಿತು. ನಮ್ಮ ದೇಶದ ಮಟ್ಟಿಗೆ ಅದು ಆಪ್ಟಿಮಸ್ ಇನ್ಫ್ರಾಕಾಮ್‌ಗೆ ಸಿಕ್ಕಿತು. 2017ರಲ್ಲಿ ಬಂದ ಕೀವನ್ ಈ ಹೊಸ ಏರ್ಪಾಡಿನ ಮೊದಲ ಕೀಲಿಮಣೆ ಫೋನು. ಮರುವರ್ಷ ಬಂದ ಕೀ2 ಅದರ ತಿದ್ದುಪಡಿ ಎನ್ನಬಹುದಾದರೂ ತಿದ್ದಿರುವ ಜಾಗಗಳನ್ನು ನೋಡಿದರೆ, ಹಿಂದಿನ ಫೋನನ್ನು ನಿಜವಾಗಿ ಬಳಸಿದ ಜನರ ಮಾತನ್ನು ಯಾರೋ ಕಿವಿಗೊಟ್ಟು ಕೇಳಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಕೀಲಿಗಳು. ಕೀವನ್ ಫೋನಿನ ಕೀಲಿಗಳಿಗೆ ಹೊಳಪಿನ ಮೇಲ್ಮೈ ಇತ್ತು. ಬೆರಳಿನ ಎಣ್ಣೆ ತಾಕಿದ ಕೂಡಲೇ ಅವು ಜಾರುತ್ತಿದ್ದವು, ಮಳೆಗಾಲದಲ್ಲಂತೂ ಪಕ್ಕದ ಕೀಲಿಗೆ ಬೆರಳು ಸರಿದುಹೋಗುವುದು ಸಾಮಾನ್ಯವಾಗಿತ್ತು. ಕೀ2ರಲ್ಲಿ ಆ ಹೊಳಪನ್ನು ತೆಗೆದು ಮಂದ ಮೇಲ್ಮೈ ಕೊಟ್ಟಿದ್ದಾರೆ. ಕೀಲಿಗಳ ಎತ್ತರ ಸುಮಾರು ಶೇಕಡಾ 20ರಷ್ಟು ಹೆಚ್ಚಿದೆ ಎಂದು ತಯಾರಕರು ಹೇಳುತ್ತಾರೆ. ಕಾಗದದ ಮೇಲೆ ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಹೆಬ್ಬೆರಳಿನಿಂದ ಬರೆಯುವವರಿಗೆ ತಪ್ಪು ಹೆಚ್ಚಾಗಿ ಆಗುವುದು ಎಡಬಲಕ್ಕಲ್ಲ, ಮೇಲೆ ಕೆಳಗೆ. ಬೆರಳು ಓರೆಯಾಗಿ ಇಳಿಯುವುದರಿಂದ ಮೇಲಿನ ಸಾಲಿನ ಅಕ್ಷರ ಒತ್ತಹೋಗಿ ನಡುವಿನ ಸಾಲಿನ ಅಕ್ಷರ ಬೀಳುತ್ತದೆ. ಆದ್ದರಿಂದ ಫೋನಿನ ಅಗಲ ಹೆಚ್ಚಿಸದೆ, ವಾಸ್ತವದಲ್ಲಿ 72.5 ಮಿಲಿಮೀಟರಿನಿಂದ 71.8ಕ್ಕೆ ಕೊಂಚ ಇಳಿಸಿ, ದೊರೆತ ಜಾಗವನ್ನೆಲ್ಲ ಕೀಲಿಯ ಎತ್ತರಕ್ಕೆ ಕೊಟ್ಟಿರುವುದು ತಿಳಿದವರು ಮಾಡಿದ ಕೆಲಸ. ಈ ಜಾಗವನ್ನು ಹೊಂದಿಸಿದ್ದು ಪರದೆಯನ್ನು ಮೇಲಕ್ಕೆ ಸರಿಸಿ, ಅದರ ತಲೆಯ ಮೇಲಿನ ಪಟ್ಟಿಯನ್ನು ಕಿರಿದು ಮಾಡಿ. ಪರದೆಯ ಅಳತೆಯಲ್ಲಿ ಏನನ್ನೂ ಕಳೆದಿಲ್ಲ.

ಸಾಲು ಸಾಲಿನ ನಡುವೆ ಹಾಯುವ ತೆಳುವಾದ ಅಡ್ಡಪಟ್ಟಿಗಳು ಇಲ್ಲಿಯೂ ಇವೆ. ಬೋಲ್ಡ್ ಬಳಸಿದವರಿಗೆ ಇವುಗಳ ಬೆಲೆ ಗೊತ್ತು. ನೋಡದೆ ಬರೆಯುವಾಗ ಬೆರಳು ಯಾವ ಸಾಲಿನಲ್ಲಿದೆ ಎಂಬುದನ್ನು ಹೇಳುವುದು ಕೀಲಿಯಲ್ಲ, ಈ ಪಟ್ಟಿ. ಸಿತಾರಿನ ಮೆಟ್ಟಿಲುಗಳು ವಾದಕನ ಬೆರಳಿಗೆ ಹೇಗೆ ದಾರಿ ತೋರಿಸುತ್ತವೆಯೋ ಹಾಗೆ ಇವು ಇಲ್ಲಿ ಕೆಲಸ ಮಾಡುತ್ತವೆ. ಪ್ರತಿ ಕೀಲಿಯ ಮೈಯಲ್ಲಿರುವ ಓರೆ ಇಳಿಜಾರೂ ಹಳೆಯ ಬೋಲ್ಡ್‌ನ ವಂಶವಾಹಿಯೇ. ಎಡಗಡೆಯ ಕೀಲಿಗಳು ಎಡ ಹೆಬ್ಬೆರಳಿನ ಕಡೆಗೂ ಬಲಗಡೆಯವು ಬಲ ಹೆಬ್ಬೆರಳಿನ ಕಡೆಗೂ ಮುಖ ಮಾಡಿರುವುದು ಬೆರಳಾಡಿಸಿದ ಕೂಡಲೇ ತಿಳಿಯುತ್ತದೆ.

ಒತ್ತಿದಾಗಿನ ಸ್ಪರ್ಶ ಬೋಲ್ಡ್ 9900ರಷ್ಟು ಮೆತ್ತಗಿಲ್ಲ. ಆ ಫೋನಿನ ಕೀಲಿ ಒಳಕ್ಕಿಳಿದು ಮೇಲೇಳುವ ಹದ ಬೇರೆಯೇ ಬಗೆಯದು. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಕೀ2ರ ಕೀಲಿಗಳು ಗಟ್ಟಿ, ಸ್ಪಷ್ಟ, ಅಂಚಿನಲ್ಲಿ ಒತ್ತಿದರೂ ನಡುವಿನಲ್ಲಿ ಒತ್ತಿದರೂ ಒಂದೇ ಬಗೆಯ ಉತ್ತರ ಕೊಡುತ್ತವೆ. ಉದ್ದನೆಯ ಪತ್ರ ಬರೆದ ಮೇಲೆ ಬೆರಳಿನ ತುದಿ ನೋಯುವುದಿಲ್ಲ. ಹಿಂಬದಿಯ ಬೆಳಕು ಸಮವಾಗಿ ಹರಡಿದೆ. ರಾತ್ರಿ ಬಸ್ಸಿನಲ್ಲಿ ದೀಪ ಆರಿಸಿದ ಮೇಲೂ ಅಕ್ಷರಗಳು ಕಾಣುವಷ್ಟಿದೆ, ಪಕ್ಕದವರ ನಿದ್ದೆ ಕೆಡಿಸುವಷ್ಟಿಲ್ಲ.

ಕೀಲಿಮಣೆಯ ಇಡೀ ಮೈ ಸ್ಪರ್ಶವನ್ನೂ ಗ್ರಹಿಸುತ್ತದೆ. 2014ರ ಪಾಸ್‌ಪೋರ್ಟ್ ಫೋನಿನಲ್ಲಿ ಮೊದಲು ಕಂಡ ಈ ಗುಣ ಈಗ ಪಕ್ವವಾಗಿದೆ. ಕೀಲಿಗಳನ್ನು ಒತ್ತದೆ ಅವುಗಳ ಮೇಲೆ ಬೆರಳು ಸವರಿದರೆ ಪುಟ ಸರಿಯುತ್ತದೆ, ಆದ್ದರಿಂದ ಓದುವಾಗ ಬೆರಳು ಅಕ್ಷರಗಳನ್ನು ಮುಚ್ಚುವುದಿಲ್ಲ. ಎಡಕ್ಕೆ ಸವರಿದರೆ ಹಿಂದಿನ ಪದ ಅಳಿಯುತ್ತದೆ. ಪರದೆಯ ಕೆಳತುದಿಯಲ್ಲಿ ಮೂಡುವ ಮೂರು ಪದಸೂಚನೆಗಳಲ್ಲಿ ಬೇಕಾದುದರ ನೇರ ಕೆಳಗಿನಿಂದ ಬೆರಳನ್ನು ಮೇಲಕ್ಕೆ ಚಿಮ್ಮಿಸಿದರೆ ಆ ಪದ ಸಾಲಿಗೆ ಬಂದು ಕೂರುತ್ತದೆ. ಎರಡು ಸಲ ತಟ್ಟಿದರೆ ಬರಹದೊಳಗೆ ಕರ್ಸರನ್ನು ಅಕ್ಷರ ಅಕ್ಷರವಾಗಿ ನಡೆಸಬಹುದು. ನನಗೆ ಬಹಳ ಮೆಚ್ಚುಗೆಯಾದದ್ದು ಈ ಕೊನೆಯದು. ಹಳೆಯ ಬೋಲ್ಡ್ ಫೋನುಗಳ ನಡುವೆ ಇರುತ್ತಿದ್ದ ಪುಟ್ಟ ಸ್ಪರ್ಶಫಲಕ ಹೋದಾಗಿನಿಂದ, ಬರೆದ ಸಾಲಿನ ನಡುವಿನ ಒಂದು ಅಕ್ಷರವನ್ನು ತಿದ್ದುವುದು ಈ ಫೋನುಗಳಲ್ಲಿಯೂ ಕಿರಿಕಿರಿಯ ಕೆಲಸವಾಗಿತ್ತು. ಆ ಫಲಕದ ಕರಾರುವಾಕ್ಕು ಇಲ್ಲಿಲ್ಲವಾದರೂ ಕೆಲಸ ಸಾಗುತ್ತದೆ, ಕೈ ಕೀಲಿಮಣೆ ಬಿಟ್ಟು ಮೇಲೇಳಬೇಕಾಗಿಲ್ಲ.

ಸ್ಪೇಸ್ ಕೀಲಿಯೊಳಗೇ ಬೆರಳಚ್ಚು ಸಂವೇದಕವಿದೆ. ಇದು ಕೀವನ್‌ನಲ್ಲಿಯೂ ಇತ್ತು, ಈಗಲೂ ಹಾಗೇ ಉಳಿಸಿಕೊಂಡಿದ್ದಾರೆ, ಒಳ್ಳೆಯದನ್ನೇ ಮಾಡಿದ್ದಾರೆ. ಫೋನು ಹಿಡಿದರೆ ಹೆಬ್ಬೆರಳು ತಾನಾಗಿ ಹೋಗಿ ಕೂರುವ ಜಾಗ ಅದೇ ಆಗಿರುವುದರಿಂದ, ಬೀಗ ತೆರೆಯುವುದು ಒಂದು ಬೇರೆ ಕ್ರಿಯೆ ಎಂದು ಅನ್ನಿಸುವುದೇ ಇಲ್ಲ.

ಇನ್ನು ಸ್ಪೀಡ್ ಕೀಲಿ. ಕೆಳಸಾಲಿನ ಬಲತುದಿಯಲ್ಲಿ ಒಂಬತ್ತು ಚುಕ್ಕಿಗಳ ಗುರುತಿನೊಂದಿಗೆ ಕೂತಿರುವ ಇದು ಈ ಫೋನಿನ ಹೊಸ ಆಕರ್ಷಣೆ. ಹಿಂದೆ, ಮುಖಪುಟದಲ್ಲಿದ್ದಾಗ ಮಾತ್ರ ಒಂದು ಅಕ್ಷರ ಒತ್ತಿ ನಮಗೆ ಬೇಕಾದ ಆ್ಯಪ್ ತೆರೆಯಬಹುದಿತ್ತು. ಈಗ ಸ್ಪೀಡ್ ಕೀಲಿಯನ್ನು ಹಿಡಿದು ಅಕ್ಷರ ಒತ್ತಿದರೆ ಯಾವ ಆ್ಯಪ್‌ನೊಳಗಿಂದ ಬೇಕಾದರೂ ಇನ್ನೊಂದಕ್ಕೆ ಜಿಗಿಯಬಹುದು. 26 ಅಕ್ಷರಗಳಿಗೆ ಚುಟುಕಾಗಿ ಒತ್ತುವುದೊಂದು, ದೀರ್ಘವಾಗಿ ಒತ್ತುವುದೊಂದು, ಹೀಗೆ ಒಟ್ಟು 52 ಅಡ್ಡದಾರಿಗಳು. ಪತ್ರ ಓದುತ್ತಿರುವಾಗ ದಿನದರ್ಶಿ ನೋಡಿ ಮರಳಿ ಬರುವುದು, ವಾಟ್ಸಾಪಿನಿಂದ ನೇರ ಒಬ್ಬ ವ್ಯಕ್ತಿಗೆ ಕರೆ ಮಾಡುವುದು, ಇವೆಲ್ಲ ಕೈಗೆ ರೂಢಿಯಾದ ಮೇಲೆ ಬೇರೆ ಯಾವ ಫೋನಿಗೂ ಇಲ್ಲದ ಚುರುಕು ಇದಕ್ಕೆ ಬರುತ್ತದೆ. ಯೋಚನೆ ಸರಿಯಾದದ್ದು, ಜಾರಿಗೆ ತಂದಿರುವ ಬಗೆಯೂ ಸರಿಯಾದದ್ದು.

ಆದರೆ ಅದನ್ನು ಕೂರಿಸಿದ ಜಾಗ ಯಾವುದು? ಬಲಗಡೆಯ ಶಿಫ್ಟ್ ಕೀಲಿಯ ಜಾಗ. ಬೋಲ್ಡ್ 9900ರಲ್ಲಿಯೂ ಕೀವನ್‌ನಲ್ಲಿಯೂ ಕೆಳಸಾಲಿನ ಎರಡೂ ತುದಿಗಳಲ್ಲಿ ಶಿಫ್ಟ್ ಇತ್ತು. ಕೀ2ರಲ್ಲಿ ಎಡಗಡೆಯದು ಮಾತ್ರ ಉಳಿದಿದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದರಿಂದ ನಷ್ಟವೇನೂ ಇಲ್ಲ. ವಾಕ್ಯದ ಮೊದಲ ಅಕ್ಷರವನ್ನು ತಂತ್ರಾಂಶವೇ ದೊಡ್ಡದು ಮಾಡಿಕೊಡುತ್ತದೆ, ಶಿಫ್ಟ್ ಒತ್ತುವ ಪ್ರಸಂಗವೇ ಅಪರೂಪ. ಕನ್ನಡದ ಸಂಗತಿ ಹಾಗಲ್ಲ. ನಮ್ಮಲ್ಲಿ ನುಡಿ ತಂತ್ರಾಂಶದ ಮೂಲಕ ಮನೆಮಾತಾಗಿರುವ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ಬರೆಯುವವರಿಗೆ ಶಿಫ್ಟ್ ಎಂಬುದು ಅಲಂಕಾರವಲ್ಲ, ವರ್ಣಮಾಲೆಯ ಅರ್ಧಭಾಗ. ದೀರ್ಘ ಸ್ವರಗಳಾದ ಆ, ಈ, ಊ, ಏ, ಓ ಎಲ್ಲವೂ ಶಿಫ್ಟ್ ಹಿಡಿದೇ ಬರಬೇಕು. ಖ, ಘ, ಥ, ಧ, ಭ ಮುಂತಾದ ಮಹಾಪ್ರಾಣಗಳೂ ಹಾಗೆಯೇ. ಣ, ಳ, ಶ ಕೂಡ ಹಾಗೆಯೇ. ಶಿಫ್ಟ್ ಇಲ್ಲದೆ ಕನ್ನಡದ ಒಂದು ನೆಟ್ಟಗಿನ ವಾಕ್ಯ ಬರೆಯುವುದು ಕಷ್ಟ.

ಈಗ ಎರಡು ಹೆಬ್ಬೆರಳುಗಳ ನಡುವಿನ ಕೆಲಸದ ಹಂಚಿಕೆಯನ್ನು ನೋಡಬೇಕು. ಬಲಗಡೆಯಲ್ಲಿರುವ ಅಕ್ಷರಗಳಾದ ಈ, ಊ, ಓ, ಣ, ಳ, ಖ ಬರೆಯುವಾಗ ಎಡ ಹೆಬ್ಬೆರಳು ಶಿಫ್ಟ್ ಒತ್ತುತ್ತದೆ, ಬಲದ್ದು ಅಕ್ಷರ ಒತ್ತುತ್ತದೆ, ತೊಂದರೆಯಿಲ್ಲ. ಆದರೆ ಆ, ಏ, ಥ, ಧ, ಶ ಇವೆಲ್ಲ ಕೀಲಿಮಣೆಯ ಎಡಭಾಗದಲ್ಲಿವೆ. ಕೀವನ್‌ನಲ್ಲಿ ಇವುಗಳಿಗೆ ಬಲಗಡೆಯ ಶಿಫ್ಟ್ ಒದಗುತ್ತಿತ್ತು. ಕೀ2ರಲ್ಲಿ ಎಡ ಹೆಬ್ಬೆರಳೇ ಮೊದಲು ಕೆಳಗಿಳಿದು ಶಿಫ್ಟ್ ಒತ್ತಿ, ಮತ್ತೆ ಮೇಲೇರಿ ಅಕ್ಷರ ಒತ್ತಬೇಕು. ಕನ್ನಡದಲ್ಲಿ ಅತಿ ಹೆಚ್ಚು ಬರುವ ದೀರ್ಘ ಸ್ವರ ಆ ಎಂಬುದನ್ನು ನೆನೆದರೆ ಇದರ ಭಾರ ತಿಳಿಯುತ್ತದೆ. ‘ಮಾತಾಡಿದಾಗ’ ಎಂಬ ಒಂದೇ ಪದ ಬರೆಯಲು ಎಡ ಹೆಬ್ಬೆರಳು ಮೂರು ಸಲ ಈ ಇಳಿದೇರುವ ಪ್ರಯಾಣ ಮಾಡಬೇಕು. ಒತ್ತಕ್ಷರಕ್ಕೆ ಬೇಕಾದ ಎಫ್ ಕೀಲಿಯೂ ಎಡಭಾಗದಲ್ಲೇ ಇರುವುದರಿಂದ ಆ ಬೆರಳಿಗೆ ಬಿಡುವೇ ಇಲ್ಲ. ಶಿಫ್ಟನ್ನು ಹಿಡಿದೇ ಇರಬೇಕಾಗಿಲ್ಲ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ಅನ್ವಯಿಸುತ್ತದೆ ಎಂಬುದೊಂದು ಅನುಕೂಲವಾದರೂ ದಾರಿಯ ದೂರ ಅದರಿಂದ ಕಡಿಮೆಯಾಗುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಕೀಲಿಗಳ ಮೇಲೆ ಕನ್ನಡದ ಅಚ್ಚಿಲ್ಲ, ಅದನ್ನು ನಿರೀಕ್ಷಿಸಿದವರೂ ಯಾರೂ ಇರಲಾರರು. ಕನ್ನಡಕ್ಕೆ ಭೌತಿಕ ಕೀಲಿಗಳಿಂದಲೇ ಬರೆಯಿಸುವ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಹಾಗೆ ಹಾಕಿಕೊಂಡಾಗ ಈ ಫೋನಿನೊಂದಿಗೇ ಬಂದ ಕೀಲಿಮಣೆ ತಂತ್ರಾಂಶ ಬದಿಗೆ ಸರಿಯುತ್ತದೆ. ಅದರ ಜೊತೆಯಲ್ಲಿ, ಪದಗಳನ್ನು ಮೇಲಕ್ಕೆ ಚಿಮ್ಮಿಸುವಂಥ ಸ್ಪರ್ಶದ ಅನುಕೂಲಗಳನ್ನೂ ಬಿಟ್ಟುಕೊಡಬೇಕಾಗುತ್ತದೆ. ಪರದೆಯ ಮೇಲೆ ಮೂಡುವ ಕನ್ನಡ ಕೀಲಿಮಣೆಯನ್ನೇ ಬಳಸುತ್ತೇನೆ ಎಂದರೆ 4.5 ಇಂಚಿನ ಗಿಡ್ಡ ಪರದೆಯ ಬಹುಪಾಲನ್ನು ಅದೇ ನುಂಗಿಬಿಡುತ್ತದೆ, ಕೆಳಗೆ ನಿಜವಾದ ಕೀಲಿಗಳು ಸುಮ್ಮನೆ ಕೂತಿರುತ್ತವೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳಿಸುವವರಿಗೆ ಈ ಯಾವ ತಾಪತ್ರಯವೂ ಇಲ್ಲ. ಆದರೆ ಕನ್ನಡವನ್ನು ಕನ್ನಡದಲ್ಲೇ ಬರೆಯುವವರು ಬಹಳ ಮಂದಿ ಇದ್ದೇವೆ. ಬಲಗಡೆಯ ಶಿಫ್ಟ್ ಬೇಕೆನ್ನುವವರಿಗೆ ಸ್ಪೀಡ್ ಕೀಲಿಯನ್ನು ಬೇರೆಡೆಗೆ ಸರಿಸುವ ಅವಕಾಶವಿದ್ದಿದ್ದರೆ, ಉದಾಹರಣೆಗೆ ಫೋನಿನ ಬಲಬದಿಯಲ್ಲಿರುವ, ನಮಗೆ ಬೇಕಾದ ಆ್ಯಪ್ ತೆರೆಯಲು ಹೊಂದಿಸಿಕೊಳ್ಳಬಹುದಾದ ‘ಅನುಕೂಲದ ಗುಂಡಿ’ಗೆ ಅದರ ಕೆಲಸ ವಹಿಸುವಂತಿದ್ದರೆ, ನಾನು ಈ ಕೀಲಿಮಣೆಯನ್ನು ಯಾವ ಷರತ್ತೂ ಇಲ್ಲದೆ ಹೊಗಳುತ್ತಿದ್ದೆ.

ಆ ಬದಿಯ ಗುಂಡಿಗಳ ಮಾತಿಗೆ ಬಂದರೆ, ಕೀವನ್‌ನಲ್ಲಿ ಎಡಬದಿಯಲ್ಲಿದ್ದ ಪವರ್ ಗುಂಡಿ ಈಗ ಬಲಕ್ಕೆ ಬಂದಿದೆ. ಮೇಲೆ ಧ್ವನಿಯ ಗುಂಡಿ, ಅದರ ಕೆಳಗೆ ಪವರ್, ಅದರ ಕೆಳಗೆ ಅನುಕೂಲದ ಗುಂಡಿ, ಹೀಗೆ ಮೂರೂ ಒಂದೇ ಬದಿಯಲ್ಲಿ ಸಾಲಾಗಿವೆ. ಪವರ್ ಗುಂಡಿಯ ಮೈಗೆ ಮಾತ್ರ ಗೀರುಗಳನ್ನು ಕೊಟ್ಟಿರುವುದರಿಂದ ಜೇಬಿನೊಳಗೂ ಗುರುತು ಹಿಡಿಯಬಹುದು. ಮೇಲಂಚಿನಲ್ಲಿ ಹೆಡ್‌ಫೋನಿನ ಕಿಂಡಿ ಉಳಿದಿದೆ. ಒಂದೊಂದೇ ಕಂಪನಿ ಅದನ್ನು ಕಿತ್ತು ಹಾಕುತ್ತಿದ್ದ ದಿನಗಳಲ್ಲಿ ಬಂದ ಫೋನಾದ್ದರಿಂದ ಇದನ್ನು ಗುರುತಿಸಲೇಬೇಕು. ಸಂದೇಶ ಬಂದಾಗ ಮಿನುಗುವ ಪುಟ್ಟ ದೀಪವೂ ಉಳಿದಿದೆ. ಮೇಜಿನ ಮೇಲೆ ಫೋನಿಟ್ಟು ಬೇರೆ ಕೆಲಸದಲ್ಲಿರುವವನಿಗೆ ಆ ಕೆಂಪು ಮಿನುಗು ಎಷ್ಟು ಪ್ರಯೋಜನಕಾರಿ ಎಂಬುದು ಬ್ಲ್ಯಾಕ್‌ಬೆರಿ ಬಳಸಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೈಕಟ್ಟು ಗಟ್ಟಿಮುಟ್ಟಾಗಿದೆ. ಸುತ್ತಲೂ ಅಲ್ಯೂಮಿನಿಯಂ ಚೌಕಟ್ಟು, ಬೆನ್ನಿಗೆ ಕೈಜಾರದಂತೆ ಒರಟು ಕೆತ್ತನೆಯ ಮೆತ್ತನೆಯ ಹೊದಿಕೆ. ಕೀವನ್ 180 ಗ್ರಾಂ ತೂಗುತ್ತಿತ್ತು, 9.4 ಮಿಲಿಮೀಟರ್ ದಪ್ಪವಿತ್ತು; ಕೀ2 168 ಗ್ರಾಂ, 8.5 ಮಿಲಿಮೀಟರ್. ಬ್ಯಾಟರಿಯನ್ನು ಕಿರಿದು ಮಾಡದೆಯೇ ಇದನ್ನು ಸಾಧಿಸಿರುವುದು ಸಣ್ಣ ಮಾತಲ್ಲ. ಕೀವನ್ ಹೊರಬಂದ ಹೊಸದರಲ್ಲಿ ಅದರ ಪರದೆಯ ಅಂಟು ಸಾಲದು ಎಂಬ ದೂರು ಬಹಿರಂಗವಾಗಿಯೇ ಎದ್ದಿತ್ತು, ಅಂಟನ್ನು ಬಲಪಡಿಸುವ ಕ್ರಮಗಳನ್ನು ನೋಡುತ್ತಿದ್ದೇವೆ ಎಂದು ತಯಾರಕರೂ ಹೇಳಿದ್ದರು. ಆ ನೆನಪಿನಿಂದಲೇ ನಾನು ಕೀ2ರ ಪರದೆಯ ಅಂಚುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಎಲ್ಲಿಯೂ ಸಡಿಲವಿಲ್ಲ, ಕಿರುಗುಟ್ಟುವ ಸದ್ದೂ ಇಲ್ಲ.

ನನ್ನ ಮುಖ್ಯ ಆಕ್ಷೇಪ ಇರುವುದು ಎತ್ತರದ ವಿಷಯದಲ್ಲಿ. ಬೋಲ್ಡ್ 9900ರ ಎತ್ತರ 115 ಮಿಲಿಮೀಟರ್, ಅಗಲ 66. ಅದನ್ನು ಹಿಡಿದರೆ ಅಂಗೈಯೊಳಗೆ ಇಡೀ ಫೋನು ಕೂರುತ್ತಿತ್ತು, ಹೆಬ್ಬೆರಳುಗಳು ಕೀಲಿಗಳ ಮೇಲಿದ್ದಾಗ ಭಾರ ಸರಿಯಾಗಿ ಬೆರಳುಗಳ ಮೇಲೆ ನಿಲ್ಲುತ್ತಿತ್ತು. ಕೀ2ರ ಎತ್ತರ 151.4 ಮಿಲಿಮೀಟರ್. ಕೀಲಿಮಣೆ ತಳದಲ್ಲಿದೆ, ಬರೆಯುವಾಗ ಕೈ ಹಿಡಿಯುವುದು ಆ ತಳವನ್ನೇ, ಉಳಿದ ಮುಕ್ಕಾಲು ಭಾಗ ಮೇಲೆ ಚಾಚಿಕೊಂಡಿರುತ್ತದೆ. ಎರಡು ಕೈಗಳಿಂದ ಬರೆಯುವಾಗ ಇದು ಅಷ್ಟಾಗಿ ಕಾಡುವುದಿಲ್ಲ. ಒಂದು ಕೈಯಲ್ಲಿ ಬಸ್ಸಿನ ಕಂಬಿ ಹಿಡಿದು ಇನ್ನೊಂದರಲ್ಲಿ ಚುಟುಕು ಉತ್ತರ ಬರೆಯಹೊರಟಾಗ ಫೋನು ಹಿಂದಕ್ಕೆ ವಾಲುತ್ತದೆ, ಕಿರುಬೆರಳನ್ನು ಕೆಳಗೆ ಆನಿಸಿ ತೋರುಬೆರಳನ್ನು ಬೆನ್ನಿನ ಮೇಲೆ ಎತ್ತರಕ್ಕೆ ಚಾಚಿ ಹಿಡಿಯಬೇಕಾಗುತ್ತದೆ. ಹಿಂಬದಿಯ ಒರಟು ಹೊದಿಕೆ ಇಲ್ಲದಿದ್ದರೆ ಇದು ಇನ್ನೂ ಕಷ್ಟವಾಗುತ್ತಿತ್ತು. ಹೀಗೆ ಕೈ ಬೆರಳುಗಳನ್ನು ಜೋಡಿಸಿಕೊಳ್ಳುವುದು ರೂಢಿಯಾಗುತ್ತದೆ, ಆದರೆ ಬೋಲ್ಡ್‌ನಲ್ಲಿ ಅದನ್ನು ರೂಢಿ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ದೊಡ್ಡ ಪರದೆಯನ್ನೂ ನಿಜವಾದ ಕೀಲಿಗಳನ್ನೂ ಒಂದೇ ಮುಖದಲ್ಲಿ ಕೂರಿಸುವವರೆಗೆ ಈ ತೊಡಕು ಇದ್ದೇ ಇರುತ್ತದೆ. ಪಾಸ್‌ಪೋರ್ಟ್ ಇದನ್ನು ಅಗಲದಿಂದ ಬಿಡಿಸಹೊರಟಿತು, ಆಗ ಫೋನು 90 ಮಿಲಿಮೀಟರ್ ಅಗಲವಾಗಿ ಒಂದು ಕೈಗೆ ದಕ್ಕದೇ ಹೋಯಿತು. ಆ ಎರಡರಲ್ಲಿ ಆರಿಸಿಕೋ ಎಂದರೆ ನಾನು ಕೀ2ರ ಎತ್ತರವನ್ನೇ ಆರಿಸುತ್ತೇನೆ.

ಪರದೆಯ ಉದ್ದ ಮತ್ತು ಅಡ್ಡದ ಪ್ರಮಾಣ 3:2, ಬಿಂದುಗಳು 1620 ಮತ್ತು 1080. ಇದು ಕೀವನ್‌ನಲ್ಲಿದ್ದ ಅಳತೆಯೇ. ಚಲನಚಿತ್ರ ನೋಡುವವರಿಗೆ ಇದು ಹೇಳಿಮಾಡಿಸಿದ್ದಲ್ಲ, ಮೇಲೂ ಕೆಳಗೂ ಕಪ್ಪು ಪಟ್ಟಿಗಳು ಉಳಿಯುತ್ತವೆ. ಪತ್ರ, ದಾಖಲೆ, ಸುದ್ದಿ ಓದುವವರಿಗೆ ಇದೇ ಒಳ್ಳೆಯದು. ಬರೆಯುವಾಗ ಪರದೆಯ ಮೇಲೆ ಕೀಲಿಮಣೆ ಏಳುವುದಿಲ್ಲವಾದ್ದರಿಂದ, ಆರು ಇಂಚಿನ ಗಾಜಿನ ಫೋನಿನಲ್ಲಿ ಬರೆಯುವಾಗ ಕಾಣುವುದಕ್ಕಿಂತ ಹೆಚ್ಚು ಸಾಲುಗಳು ಇಲ್ಲಿ ಕಣ್ಣೆದುರಿಗಿರುತ್ತವೆ. ಕನ್ನಡದ ಅಕ್ಷರಗಳು, ಅದರಲ್ಲೂ ಒತ್ತಕ್ಷರ ಸೇರಿದ ಸಾಲುಗಳು, ಚಿಕ್ಕ ಗಾತ್ರದಲ್ಲಿಯೂ ಕಲಸಿಹೋಗದೆ ಕಾಣುತ್ತವೆ. ಪರದೆಗೂ ಕೀಲಿಮಣೆಗೂ ನಡುವೆ ಹಿಂದೆ, ಮುಖಪುಟ, ಇತ್ತೀಚಿನವು ಎಂಬ ಮೂರು ಸ್ಪರ್ಶಗುಂಡಿಗಳ ಪಟ್ಟಿಯಿದೆ. ಮೇಲಿನ ಸಾಲಿನಿಂದ ಪದವನ್ನು ಮೇಲಕ್ಕೆ ಚಿಮ್ಮಿಸುವಾಗ ಬೆರಳು ಆ ಪಟ್ಟಿಯನ್ನು ದಾಟುವ ಸಂಭವವಿರುವುದರಿಂದ ಚಿಮ್ಮುವಿಕೆಯನ್ನು ಮೊಟಕಾಗಿ ಇಟ್ಟುಕೊಳ್ಳಬೇಕು.

ಪ್ರೊಸೆಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ 660 ಮತ್ತು 6 ಜಿಬಿ ರ್‍ಯಾಮ್ ಸೇರಿ ಸಂದೇಶ, ಪತ್ರ, ನಕ್ಷೆ, ಕರೆಗಳಿಗೆ ಬೇಕಾದ್ದಕ್ಕಿಂತ ಹೆಚ್ಚೇ ಕೊಡುತ್ತವೆ. ಕೀವನ್‌ನ 625 ಕೆಲವೊಮ್ಮೆ ಉಸಿರು ಹಿಡಿದು ನಿಲ್ಲುತ್ತಿತ್ತು; ಇಲ್ಲಿ ಹಾಗಾಗುವುದಿಲ್ಲ. ಆಟ ಆಡುವವರು ಬೇರೆ ಫೋನು ನೋಡುವುದು ಒಳ್ಳೆಯದು.

ಹಿಂಬದಿಯಲ್ಲಿ ಮೊದಲ ಬಾರಿಗೆ ಎರಡು ಕ್ಯಾಮೆರಾಗಳು ಬಂದಿವೆ, ಎರಡೂ 12 ಮೆಗಾಪಿಕ್ಸೆಲ್. ಎರಡನೆಯದು ದೂರದ್ದನ್ನು ಹತ್ತಿರ ತರುವುದಕ್ಕೆ ಇದೆ. ಹಗಲಿನ ಬೆಳಕಿನಲ್ಲಿ ಚಿತ್ರಗಳು ಚೆನ್ನಾಗಿವೆ, ದಾಖಲೆಯ ಪುಟವನ್ನು ಚಿತ್ರ ತೆಗೆದು ಕಳಿಸುವುದಕ್ಕೆ ಧಾರಾಳವಾಗಿ ಸಾಕು. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಮಸೂರದಲ್ಲಿಲ್ಲವಾದ್ದರಿಂದ ಸಂಜೆಯ ಮೇಲೆ ಚಿತ್ರಗಳು ಮಸುಕಾಗುತ್ತವೆ. ಆಗ ಇದೇ ಬೆಲೆಗೆ ಸಿಗುತ್ತಿದ್ದ ಇತರ ಫೋನುಗಳು ಈ ವಿಷಯದಲ್ಲಿ ಬಹಳ ಮುಂದಿದ್ದವು.

ಬ್ಯಾಟರಿಯ ಬಗ್ಗೆ ಮಾತ್ರ ಮನಸಾರೆ ಹೇಳಬೇಕು. 3500 ಎಂಎಎಚ್ ಎಂಬುದು ಇಂದಿನ ಲೆಕ್ಕದಲ್ಲಿ ದೊಡ್ಡ ಸಂಖ್ಯೆಯಲ್ಲ, ಆದರೆ ಪರದೆ ಸಣ್ಣದು, ಪ್ರೊಸೆಸರ್ ಮಿತವ್ಯಯಿ. ಬೆಳಗ್ಗೆ ಪೂರ್ತಿ ತುಂಬಿಸಿಕೊಂಡು ಹೊರಟರೆ, ದಿನವಿಡೀ ಪತ್ರವ್ಯವಹಾರ ಮಾಡಿ ರಾತ್ರಿ ಮನೆಗೆ ಬಂದಾಗಲೂ ಅರ್ಧಕ್ಕೆ ಹತ್ತಿರ ಉಳಿದಿರುತ್ತದೆ. ಮಿತವಾಗಿ ಬಳಸಿದರೆ ಎರಡನೆಯ ದಿನದ ಸಂಜೆಯವರೆಗೂ ಎಳೆಯಬಹುದು. ಬೋಲ್ಡ್ 9900ರ 1230 ಎಂಎಎಚ್ ಬ್ಯಾಟರಿಯನ್ನು ಬಳಸಿದವರು, ಮಧ್ಯಾಹ್ನದ ಹೊತ್ತಿಗೇ ಗೋಡೆಯ ಪ್ಲಗ್ ಹುಡುಕುತ್ತಿದ್ದವರು, ಇದನ್ನು ಎಷ್ಟು ದೊಡ್ಡ ನೆಮ್ಮದಿ ಎಂದು ತಿಳಿಯಬಲ್ಲರು. ಆ ಬ್ಯಾಟರಿಯನ್ನು ತೆಗೆದು ಇನ್ನೊಂದು ಹಾಕಬಹುದಿತ್ತು ಎಂಬುದು ನಿಜ, ಇದನ್ನು ಹಾಗೆ ತೆಗೆಯಲಾಗುವುದಿಲ್ಲ. ಕ್ವಿಕ್ ಚಾರ್ಜ್ 3.0 ಇರುವುದರಿಂದ ಊಟದ ಹೊತ್ತಿನಲ್ಲಿ ಪ್ಲಗ್‌ಗೆ ಹಾಕಿ ತೆಗೆದರೆ ಉಳಿದ ದಿನಕ್ಕೆ ಚಿಂತೆಯಿಲ್ಲ. ತಂತಿಯಿಲ್ಲದೆ ಚಾರ್ಜ್ ಮಾಡುವ ಸೌಲಭ್ಯವಿಲ್ಲ. ನೀರಿನಿಂದ ರಕ್ಷಣೆಯ ಪ್ರಮಾಣಪತ್ರವೂ ಇಲ್ಲ; ಕೀಲಿಗಳ ನಡುವೆ ಇಷ್ಟೊಂದು ಸಂದುಗಳಿರುವ ಫೋನನ್ನು ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಿ ಹಿಡಿದು ತಿರುಗುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

2018ರಲ್ಲಿ ಬಂದಾಗ ಇದರ ಬೆಲೆ 42,990 ರೂಪಾಯಿ ಇತ್ತು. ಭಾರತಕ್ಕೆ ಬಂದದ್ದು ಎರಡು ಸಿಮ್ ಹಾಕಬಹುದಾದ, 64 ಜಿಬಿ ಸಂಗ್ರಹದ ಆವೃತ್ತಿ. 2017ರಲ್ಲಿ ಕೀವನ್ 39,990ಕ್ಕೆ ಬಂದಿತ್ತು. ಇದಕ್ಕಿಂತ ಬಹಳ ಚುರುಕಾದ ಸ್ನ್ಯಾಪ್‌ಡ್ರ್ಯಾಗನ್ 845 ಇರುವ ಒನ್‌ಪ್ಲಸ್ 6 ಫೋನಿನ ಆರಂಭದ ಬೆಲೆ ಆಗ 34,999 ಇತ್ತು. ಇದೇ 660 ಇರುವ ಶಿಯೋಮಿಯ ಎಂಐ ಎ2 16,999ಕ್ಕೆ ಸಿಗುತ್ತಿತ್ತು. ಒಳಗಿನ ಬಿಡಿಭಾಗಗಳನ್ನು ಲೆಕ್ಕ ಹಾಕಿ ಕೊಳ್ಳುವವರಿಗೆ ಈ ಬೆಲೆಯನ್ನು ಸಮರ್ಥಿಸಲು ಸಾಧ್ಯವಿಲ್ಲ, ನಾನು ಆ ಪ್ರಯತ್ನ ಮಾಡುವುದೂ ಇಲ್ಲ. ಇಲ್ಲಿ ಕೊಡುವ ಹೆಚ್ಚಿನ ಹಣವೆಲ್ಲ ಆ ನಾಲ್ಕು ಸಾಲು ಕೀಲಿಗಳಿಗೆ. ದಿನಕ್ಕೆ ಹತ್ತಾರು ದೀರ್ಘ ಉತ್ತರಗಳನ್ನು ಫೋನಿನಿಂದಲೇ ಬರೆಯುವವರಿಗೆ, ಅದರಲ್ಲಿ ಇಂಗ್ಲಿಷಿನ ಪಾಲು ಹೆಚ್ಚಿರುವವರಿಗೆ, ಆ ಹಣ ವ್ಯರ್ಥವಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಬರೆಯುವುದೆಲ್ಲ ಕನ್ನಡವೇ ಆಗಿದ್ದು, ನುಡಿಯ ವಿನ್ಯಾಸ ಬೆರಳಿಗೆ ಹತ್ತಿದ್ದರೆ, ಎರಡೂ ಕಡೆ ಶಿಫ್ಟ್ ಇರುವ ಕೀವನ್ ಇನ್ನೂ ಎಲ್ಲಿಯಾದರೂ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸುವುದು ಲೇಸು.

ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನಾಲ್ಕು ಸಾಲು ಬರೆದು ನೋಡುವುದು ಇಂಥ ಫೋನಿಗೆ ಬಹಳ ಮುಖ್ಯ. ಆದರೆ ಇಲ್ಲಿ ಇದರ ಮಾರಾಟ 2018ರಲ್ಲಿ ಅಂತರಜಾಲದಲ್ಲಿ ಮಾತ್ರ ಶುರುವಾದದ್ದರಿಂದ ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವ ಅವಕಾಶ ಸುಲಭಕ್ಕೆ ಸಿಗಲಿಲ್ಲ. ಪರಿಚಯದವರಲ್ಲಿ ಯಾರ ಬಳಿಯಾದರೂ ಕೀ2 ಇದ್ದರೆ ಅವರಿಂದ ಪಡೆದು ಬರೆದು ನೋಡಿ. ಅದು ಸಿಗದೆ ಕೀವನ್ ಸಿಕ್ಕರೆ ಅದರಲ್ಲಾದರೂ ಬರೆದು ನೋಡಿ, ಕೀಲಿಗಳು ಅದಕ್ಕಿಂತ ಎತ್ತರವಾಗಿ, ಜಾರದಂತೆ ಇದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳುವುದು ಕಷ್ಟವಾಗದು. ಎರಡು ಕೈಯಲ್ಲಿ ಬರೆದಾದ ಮೇಲೆ ಒಂದೇ ಕೈಯಲ್ಲಿ, ನಿಂತುಕೊಂಡು ಬರೆದು ನೋಡುವುದನ್ನು ಬಿಡಬೇಡಿ.